ಎಣಿಸುವುದೋ, ಅಳೆಯುವುದೋ

ಅವರನ್ನು ಕಾಣುವ ಮೊದಲು ನಾನು ಅವರ ದನಿ ಕೇಳಿದ್ದೆ. ಹೆತ್ತೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಕನ್ನಡ ಮೇಷ್ಟ್ರಾಗಿ ಸೇರಿಕೊಳ್ಳಲು ಹೊರಟ ದಿನ ಅದು. ಬಸ್ಸಿಳಿದು ನಿಂತರೆ ಎದುರಿಗೆ ಏನೂ ಇಲ್ಲ. ರಸ್ತೆ ಇಲ್ಲ, ಮರ ಇಲ್ಲ, ನನ್ನ ಚಪ್ಪಲಿಯೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬರೀ ಬೆಳ್ಳನೆಯ ಮಂಜು. ಆ ಬಿಳುಪಿನೊಳಗಿಂದ ಒಬ್ಬ ಹೆಂಗಸಿನ ದನಿ ಬಂತು.

“ಮಂಜು? ಎಣಿಸೋದೋ, ಅಳೆಯೋದೋ?”

“ಅಳೆಯೋದು ಮಿಸ್!” ಎಂದು ಹತ್ತಾರು ಮಕ್ಕಳು ಕೂಗಿದರು.

“ಎಲೆ?”

“ಎಣಿಸೋದು!”

“ಎಲೆ ಮೇಲಿರೋ ನೀರು?”

ಕೆಲವರು ಎಣಿಸೋದು ಎಂದರು, ಕೆಲವರು ಅಳೆಯೋದು ಎಂದರು. ಆಮೇಲೆ ಯಾವಳೋ ಒಬ್ಬಳು, “ಹನಿ ಅಂದ್ರೆ ಎಣಿಸೋದು ಮಿಸ್, ನೀರು ಅಂದ್ರೆ ಅಳೆಯೋದು” ಎಂದಳು.

“ಭೇಷ್ ಕಣೇ” ಎಂದಿತು ಮೊದಲಿನ ದನಿ.

ನಾನು ಆ ದನಿಗಳನ್ನೇ ಹಿಡಿದು ನಡೆದೆ. ಎಷ್ಟು ದೂರ ನಡೆದೆನೋ ಗೊತ್ತಿಲ್ಲ. ಮಂಜು ಒಂದಿಷ್ಟು ಹರಿದಾಗ ಶಾಲೆಯ ಗೇಟಿನೊಳಗಿದ್ದೆ. ನನ್ನ ಮುಂದೆ ಸಪೂರ ದೇಹದ, ಎತ್ತರದ ಹೆಂಗಸೊಬ್ಬರು ಮಡಚಿದ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು, ತುರುಬಿಗೆ ಸಿಕ್ಕಿಸಿದ್ದ ಸೀಮೆಸುಣ್ಣದ ತುಂಡನ್ನು ಎಳೆದು ತೆಗೆಯುತ್ತಿದ್ದರು. ಅವರೇ ನಮ್ಮ ಶಾಲೆಯ ಇಂಗ್ಲಿಷ್ ಮೇಡಂ.

ಈ ಸಲ ತೋಟಗಳಲ್ಲಿ ಕಾಫಿ ಹೂ ಬಿಟ್ಟ ವಾರದಲ್ಲಿ ಅವರು ತೀರಿಕೊಂಡರೆಂದು ಕುಂದೂರಿನಿಂದ ಅವರ ತಂಗಿ ಫೋನು ಮಾಡಿ ಹೇಳಿದರು. ನಾನು ಹೊರಗೆ ಬಂದು ನಿಂತೆ. ಗುಡ್ಡದ ಮೇಲೆಲ್ಲ ಬೆಳ್ಳಗೆ ಹೂ ಇತ್ತು, ಗಾಳಿಯ ತುಂಬ ಅದರ ವಾಸನೆ. ಅವರ ಬಗ್ಗೆ ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಲು ಹೊರಟರೆ ಇಸವಿ, ತಿಂಗಳು ಯಾವುದೂ ಸರಿಯಾಗಿ ನೆನಪಿಗೆ ಬರುವುದಿಲ್ಲ. ಅವರ ಕೊಡೆ, ನಡಿಗೆ, ಮಾತು ಮಾತ್ರ ಬರುತ್ತವೆ.

ಅವರು ಓದಿದ್ದು ಗಣಿತ. ಆಲೂರು ತಾಲ್ಲೂಕಿನ ಕುಂದೂರಿನ ಹತ್ತಿರ ರಾಗಿ, ಆಲೂಗಡ್ಡೆ ಬೆಳೆಯುವ ಮನೆಯಲ್ಲಿ ಹುಟ್ಟಿ, ಲೆಕ್ಕದಲ್ಲಿ ಒಳ್ಳೆಯ ಅಂಕ ತೆಗೆದು, ಗಣಿತದ ಟೀಚರಾಗಿಯೇ ನಮ್ಮ ಶಾಲೆಗೆ ಬಂದವರು. ಆಗ ಇಂಗ್ಲಿಷಿನ ಹುದ್ದೆ ಖಾಲಿ ಇತ್ತು. ಅಂದಿನ ಹೆಡ್‌ಮಾಸ್ಟರು, “ಅದನ್ನೂ ಒಂಚೂರು ನೋಡ್ಕಳ್ರಮ್ಮ” ಎಂದರಂತೆ. ಆ ಒಂಚೂರು ಅವರ ನೌಕರಿ ಮುಗಿಯುವವರೆಗೂ ನಡೆಯಿತು. “ಗಣಿತ ನಾನು ಇಷ್ಟಪಟ್ಟು ಓದಿದ್ದು ಮೇಷ್ಟ್ರೆ, ಇಂಗ್ಲಿಷು ನನ್ನ ತಲೆ ಮೇಲೆ ಬಿದ್ದಿದ್ದು” ಎಂದು ನಗುತ್ತಿದ್ದರು. ಹಾಗೆ ಬಿದ್ದ ಭಾಷೆಯನ್ನು ಅವರು ಲೆಕ್ಕದಂತೆಯೇ ಬಿಡಿಸಲು ಹೋದರು. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಸೂತ್ರಗಳ ಹಾಗೆ ನಿಯಮಗಳನ್ನು ಬರೆದುಕೊಂಡಿದ್ದರು.

ನಮ್ಮ ಮಕ್ಕಳಿಗೆ ಮಚ್ ಯಾವಾಗ, ಮೆನಿ ಯಾವಾಗ ಎನ್ನುವುದೇ ದೊಡ್ಡ ತೊಡಕು. ಕನ್ನಡದಲ್ಲಿ ಎಷ್ಟು ಜನ ಅಂದರೂ ಎಷ್ಟೇ, ಎಷ್ಟು ನೀರು ಅಂದರೂ ಎಷ್ಟೇ. ಹಾಗಾಗಿ “ಹೌ ಮಚ್ ಬ್ರದರ್ಸ್” ಎಂದು ಕೇಳಿಬಿಡುತ್ತಿದ್ದರು. ಅದಕ್ಕೆ ಮೇಡಂ ಕಂಡುಕೊಂಡ ಉಪಾಯವೇ ದಾರಿಯ ಆಟ. ಬಸ್ಸಿಳಿದಲ್ಲಿಂದ ಶಾಲೆಯವರೆಗೆ ಮಕ್ಕಳ ಜೊತೆ ನಡೆಯುತ್ತ, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೇಳುವುದು. ಕಾಫಿ ಹಣ್ಣು? ಎಣಿಸೋದು. ಕಾಫಿ ಪುಡಿ? ಅಳೆಯೋದು. ಒಮ್ಮೆ ಒಬ್ಬ ಹುಡುಗಿ, “ಮಿಸ್, ನಮ್ಮಜ್ಜಿ ಸತ್ತೋದ್ರಲ್ಲ, ಆ ದುಃಖ?” ಎಂದು ಕೇಳಿದಳು. ಮೇಡಂ ನಿಂತರು. ಅವಳ ಹೆಗಲ ಮೇಲೆ ಕೈಯಿಟ್ಟು, “ಅದು ಅಳೆಯೋದು ಕಣವ್ವ. ಆದ್ರೆ ಅಳತೆಗೋಲು ಯಾರ ಹತ್ರನೂ ಇಲ್ಲ” ಎಂದರು. ಆಮೇಲೆ ಶಾಲೆ ಬರುವವರೆಗೆ ಮಂಜಿನಲ್ಲಿ ಅಷ್ಟೂ ಜನರ ಹೆಜ್ಜೆಯ ಸದ್ದು ಮಾತ್ರ ಕೇಳುತ್ತಿತ್ತು.

ಮಧ್ಯಾಹ್ನ ಅವರ ಡಬ್ಬಿಯಲ್ಲಿ ಮೂರು ಅಕ್ಕಿರೊಟ್ಟಿ ಇರುತ್ತಿದ್ದವು. ಒಂದನ್ನು ನನಗೆ ಕೊಡುವುದು ರೂಢಿ. ಬೇಡವೆಂದರೆ, “ಎನಫ್ ಅನ್ನೋದು ಒಂದು ಮಾತ್ರ ಎಣಿಸೋದಕ್ಕೂ ಬರ್ತದೆ, ಅಳೆಯೋದಕ್ಕೂ ಬರ್ತದೆ ನೋಡಿ ಮೇಷ್ಟ್ರೆ. ಸಾಕು ಅಂದೋರಿಗೆ ಎಲ್ಲಾ ಒಂದೇ. ನೀವಿನ್ನೂ ಸಾಕು ಅನ್ನೋ ವಯಸ್ಸಿಗೆ ಬಂದಿಲ್ಲ, ತಿನ್ನಿ” ಎನ್ನುತ್ತಿದ್ದರು.

ಇಷ್ಟು ಚೆಂದದ ಆಟ ಒಂದು ಕಡೆ ಮಾತ್ರ ಎಡವಿತ್ತು. ಫ್ಯೂ ಮತ್ತು ಎ ಫ್ಯೂ, ಲಿಟಲ್ ಮತ್ತು ಎ ಲಿಟಲ್ ಎಲ್ಲವೂ ಒಂದೇ, ಎ ಹಾಕಿದರೂ ಸರಿ, ಬಿಟ್ಟರೂ ಸರಿ ಎಂದು ಅವರು ಹೇಳಿಕೊಡುತ್ತಿದ್ದರು. ಅವರಿಗೆ ಅವರ ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ದರು, ಅದೇ ನೋಟ್‌ಬುಕ್ಕಿಗೆ ಇಳಿದಿತ್ತು. ಅದು ತಪ್ಪು. ಎ ಫ್ಯೂ ಅಂದರೆ ಕೆಲವು, ಇವೆ ಎನ್ನುವ ಧೈರ್ಯ ಅದರಲ್ಲಿದೆ. ಬರೀ ಫ್ಯೂ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಲಿಟಲ್ ಕೂಡ ಹಾಗೆಯೇ.

ತಪ್ಪೆಂದು ನನಗೆ ಗೊತ್ತಿತ್ತು. ಸಕಲೇಶಪುರದಲ್ಲಿ ಓದುತ್ತಿದ್ದ ನನ್ನ ಮಗಳು ಒಂದು ದಿನ ತನ್ನ ವ್ಯಾಕರಣದ ಪುಸ್ತಕ ತಂದು ತೋರಿಸಿದ್ದಳು. ಓದಿ, ‘ಅಯ್ಯೋ, ನಮ್ಮ ಮೇಡಂ ಬೇರೆ ಹೇಳ್ತಾರಲ್ಲ’ ಎಂದುಕೊಂಡೆ. ಮರುದಿನ ಹೇಳೋಣವೆಂದು ಸ್ಟಾಫ್ ರೂಮಿಗೆ ಹೋದರೆ ಅವರು ನಗುನಗುತ್ತ ರೊಟ್ಟಿ ಮುಂದಿಟ್ಟರು. ಇಂಗ್ಲಿಷು ಅವರ ವಿಷಯ, ನನಗಿಂತ ಹಿರಿಯರು, ನಾನು ಕನ್ನಡದವನು. ಹೀಗೆ ಏನೇನೋ ಅಂದುಕೊಂಡು ರೊಟ್ಟಿ ತಿಂದು ಸುಮ್ಮನಾದೆ. ಎರಡು ವರ್ಷ ಸುಮ್ಮನೇ ಇದ್ದೆ.

ಆಗ ಆನೆಗಳ ಓಡಾಟ ತಿಳಿಯಲು ಹೊರಗಿನಿಂದ ಒಂದು ತಂಡ ಬಂತು. ಆನೆ ಹತ್ತಿರವಿದ್ದರೆ ಕೆಂಪಗೆ ಮಿನುಗುವ ದೀಪದ ಕಂಬಗಳನ್ನು ಯಾವ ಯಾವ ರಸ್ತೆಯಲ್ಲಿ ನಿಲ್ಲಿಸಬೇಕೆಂದು ನಿಶ್ಚಯಿಸುವುದು ಅವರ ಕೆಲಸ. ಕನ್ನಡ ಬಾರದ ಒಬ್ಬ ಯುವತಿ ಶಾಲೆ ಶಾಲೆಗೆ ಇಂಗ್ಲಿಷಿನ ಫಾರಂ ಹಂಚಿ ಹೋದಳು. ನಮ್ಮ ಶಾಲೆಯದನ್ನು ತುಂಬಿದ್ದು ಮೇಡಂ. ‘ದೇರ್ ಆರ್ ಫ್ಯೂ ಎಲಿಫೆಂಟ್ಸ್ ನಿಯರ್ ಅವರ್ ಸ್ಕೂಲ್’ ಎಂದು ದುಂಡು ಅಕ್ಷರದಲ್ಲಿ ಬರೆದರು. ಪಕ್ಕದಲ್ಲೇ ಕೂತಿದ್ದ ನಾನು ಅದನ್ನು ನೋಡಿದೆ. ಆಗಲೂ ಬಾಯಿ ಬಿಡಲಿಲ್ಲ.

ದೀಪದ ಕಂಬಗಳು ಬಂದವು. ನಮ್ಮ ರಸ್ತೆಗೆ ಬರಲಿಲ್ಲ. ಒಂದು ಬೆಳಿಗ್ಗೆ ಅಲ್ಲಿನ ಒಂದು ತಿರುವಿನ ಮಂಜಿನಲ್ಲಿ ಒಂಟಿ ಸಲಗ ನಿಂತಿತ್ತು. ಶಾಲೆಗೆ ಬರುತ್ತಿದ್ದ ಮೂವರು ಹುಡುಗಿಯರು ತೀರಾ ಹತ್ತಿರ ಬರುವವರೆಗೆ ಅದನ್ನು ಬಂಡೆ ಎಂದುಕೊಂಡಿದ್ದರು. ಬಂಡೆ ಕಿವಿ ಬೀಸಿತು. ಮೂವರೂ ಓಡಿದರು. ಒಬ್ಬಳು ತೋಟದ ಚರಂಡಿಗೆ ಬಿದ್ದು ಬಲಗೈ ಮುರಿದುಕೊಂಡಳು. ಪುಣ್ಯಕ್ಕೆ ಆನೆ ಬೆನ್ನಟ್ಟಲಿಲ್ಲ.

ಸುದ್ದಿ ತಿಳಿದು ಆ ತಂಡದ ಯುವತಿ ಶಾಲೆಗೆ ಬಂದಳು. ಕಣ್ಣು ಕೆಂಪಾಗಿದ್ದವು. ಫಾರಂ ಮುಂದಿಟ್ಟು, ನೀವೇ ಫ್ಯೂ ಎಂದು ಬರೆದಿದ್ದೀರಲ್ಲ ಮೇಡಂ, ಇಲ್ಲಿ ಆನೆಗಳೇ ಇಲ್ಲವೇನೋ ಅಂದುಕೊಂಡೆವು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ಮೇಡಂಗೆ ಮೊದಲು ಅರ್ಥವಾಗಲಿಲ್ಲ. ಆ ಯುವತಿ ಪೆನ್ನು ತೆಗೆದು ಫ್ಯೂ ಎನ್ನುವುದಕ್ಕೆ ಮೊದಲು ‘ಎ’ ಎಂದು ಒಂದೇ ಒಂದು ಅಕ್ಷರ ಬರೆದು ತೋರಿಸಿದಳು. ಮೇಡಂ ಆ ಅಕ್ಷರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗ್ರಂಥಾಲಯದ ಬೀರು ತೆಗೆಸಿ, ದೂಳು ಹಿಡಿದ ವ್ಯಾಕರಣದ ಪುಸ್ತಕ ಹುಡುಕಿ, ಸಂಜೆಯ ಬೆಲ್ ಹೊಡೆಯುವವರೆಗೂ ಅದರ ಮುಂದೆ ಕೂತರು.

“ಇಷ್ಟು ವರ್ಷ ಮೇಷ್ಟ್ರೆ,” ಎಂದರು ಹೊರಗೆ ಬಂದು. “ಎಷ್ಟು ಮಕ್ಕಳು ಹೋದ್ರು ನನ್ನ ಕೈಯಿಂದ.”

ದೀಪದ ಕಂಬ ತಿಂಗಳೊಳಗೆ ನಮ್ಮ ರಸ್ತೆಗೂ ಬಂತು. ಕೈ ಮುರಿದ ಹುಡುಗಿಯ ನೋಟ್ಸನ್ನೆಲ್ಲ, ಬ್ಯಾಂಡೇಜು ಬಿಚ್ಚುವವರೆಗೆ, ಮೇಡಂ ತಾವೇ ಕೂತು ಬರೆದುಕೊಟ್ಟರು. ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವರು ಹಳೆಯ ಹಾಜರಿ ಪುಸ್ತಕಗಳನ್ನು ತೆಗೆಸಿ, ಯಾರು ಯಾರು ಈಗ ಎಲ್ಲಿದ್ದಾರೆಂದು ಪಟ್ಟಿ ಮಾಡಿದರು. ಭಾನುವಾರಗಳಂದು ಕೊಡೆ ಹಿಡಿದು ಹೊರಟರು. ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ, ತಾವು ಹೇಳಿಕೊಟ್ಟದ್ದು ತಪ್ಪೆಂದು ಒಪ್ಪಿಕೊಂಡು, ಸರಿಯಾದದ್ದನ್ನು ಹೇಳಿಕೊಟ್ಟು ಬರುವುದು. ಮೊದಲ ಭಾನುವಾರ ಬಸ್ ಸ್ಟಾಂಡಿನಲ್ಲಿ ಅವರನ್ನು ಕಂಡು ನಾನೂ ಹತ್ತಿಕೊಂಡೆ. ಯಾಕೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ಭಾನುವಾರಗಳು ಈಗ ನೆನಪಿನಲ್ಲಿ ಒಂದೇ ಉದ್ದನೆಯ ಭಾನುವಾರದಂತಿವೆ. ತೂಕಡಿಸುತ್ತ ಹೋಗುವ ಬಸ್ಸು, ಕಿಟಕಿಯಲ್ಲಿ ಒಂದು ಗುಡ್ಡ ಕರಗಿ ಇನ್ನೊಂದು ಗುಡ್ಡವಾಗುವುದು, ಯಾವುದೋ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮುಂದೆ ಒಣಹಾಕಿದ ಬಟ್ಟೆ, ಮಗುವನ್ನು ಎತ್ತಿಕೊಂಡು ಹೊರಬಂದ ಹಳೆಯ ವಿದ್ಯಾರ್ಥಿನಿ. “ಮಿಸ್ ಬಂದವ್ರೆ” ಎಂದು ಅವಳು ಒಳಗೆ ಕೂಗುವುದು. ಅವಳ ಗಂಡ ಏನೋ ಅನಾಹುತವಾಯಿತೆಂದು ಗಾಬರಿಯಿಂದ ಬರುವುದು. ಮೇಡಂ ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, “ನಿಂಗೊಂದು ತಪ್ಪು ಹೇಳ್ಕೊಟ್ಟಿದ್ದೆ ಕಣವ್ವ” ಎಂದು ಶುರುಮಾಡುವುದು.

ಶಿರಾಡಿ ಘಾಟಿನ ತಲೆಯಲ್ಲಿರುವ ಮಾರನಹಳ್ಳಿಯಲ್ಲಿ ಒಬ್ಬ ಶಿಷ್ಯ ಹೋಟೆಲಿಟ್ಟಿದ್ದ. ಮೇಲೆ ಪ್ರವಾಸಿಗರಿಗೆಂದು ಎರಡು ಮೂರು ಕೋಣೆ ಕಟ್ಟಿಸಿದ್ದ. ಮೇಡಂ ಹೇಳುವುದನ್ನೆಲ್ಲ ಕೈಕಟ್ಟಿ ಕೇಳಿದ.

“ಅಲ್ಲ ಮಿಸ್, ಇದನ್ನ ಹೇಳಕ್ಕೆ ಅಷ್ಟು ದೂರದಿಂದ ಬಂದ್ರಾ? ನನ್ ಹೋಟ್ಲಲ್ಲಿ ಇರೋದು ಎರಡೇ ಅಳತೆ, ಫುಲ್ ಟೀ, ಆಫ್ ಟೀ. ಫ್ಯೂ ಯಾರೂ ಕೇಳಲ್ಲ.”

“ಹಂಗಾದ್ರೆ ಅದೇನೋ ಅದು?” ಎಂದು ಮೇಡಂ ಬಾಗಿಲ ಕಡೆ ಕೈ ತೋರಿಸಿದರು. ಕಪ್ಪು ಹಲಗೆಯ ಮೇಲೆ ಅವನೇ ಇಂಗ್ಲಿಷಿನಲ್ಲಿ ಬರೆದಿದ್ದ: ‘ಫ್ಯೂ ರೂಮ್ಸ್ ಅವೈಲಬಲ್’. ಅರ್ಥ ಹೇಳಿದ್ದೇ ಅವನು ತಲೆಯ ಮೇಲೆ ಕೈ ಹೊತ್ತ.

“ಅಯ್ಯೋ ಮಾರಾಯ! ಅದಕ್ಕೇ ಒಬ್ರೂ ನಿಲ್ತಿರ್ಲಿಲ್ಲ ಅನ್ಸತ್ತೆ ಮಿಸ್! ಎಲ್ಲಾ ನೋಡ್ಕಂಡು ಘಾಟಿ ಇಳ್ದು ಹೋಗ್ಬುಡ್ತಿದ್ರು!”

ಮೇಡಂ ತುರುಬಿನಿಂದ ಸೀಮೆಸುಣ್ಣ ತೆಗೆದು, ಕುರ್ಚಿಯ ಮೇಲೆ ಹತ್ತಿ, ತಾವೇ ಆ ಅಕ್ಷರ ಸೇರಿಸಿದರು. ಅವನು ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ವಾಪಸ್ ಬರುವಾಗ ಮೇಡಂ ಬಸ್ಸಿನಲ್ಲಿ ಒಬ್ಬರೇ ಎಷ್ಟೋ ಹೊತ್ತು ನಗುತ್ತಿದ್ದರು. ಸಲಗ ಬಂದ ದಿನದಿಂದ ಅವರು ನಕ್ಕಿದ್ದು ಅದೇ ಮೊದಲು.

ಹಾಸನಕ್ಕೆ ಹೋದ ಭಾನುವಾರ ಹಾಗಿರಲಿಲ್ಲ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಅವರ ಮೆಚ್ಚಿನ ವಿದ್ಯಾರ್ಥಿನಿಯೊಬ್ಬಳು ನರ್ಸ್ ಆಗಿದ್ದಳು. ಡ್ಯೂಟಿ ಮುಗಿಸಿ ಬಂದು ನಮ್ಮನ್ನು ಹೊರಗಿನ ಮರದ ನೆರಳಿಗೆ ಕರೆದುಕೊಂಡು ಹೋದಳು. ಮೇಡಂ ಎಂದಿನಂತೆ ಶುರುಮಾಡಿದರು. ಅವಳು ತಲೆ ತಗ್ಗಿಸಿದಳು.

“ಗೊತ್ತು ಮಿಸ್.”

“ಏನು ಗೊತ್ತು?”

“ಫ್ಯೂ, ಲಿಟಲ್, ಎಲ್ಲಾ. ಕೆಲಸಕ್ಕೆ ಸೇರಿದ ಮೊದಲ್ನೇ ವರ್ಷನೇ ಗೊತ್ತಾಯ್ತು. ಒಬ್ರು ಅಜ್ಜಿ ಸುಮಾರಾಗಿ ಊಟ ಮಾಡಿದ್ರು. ನಾನು ಚಾರ್ಟಲ್ಲಿ ‘ಲಿಟಲ್ ಫುಡ್’ ಅಂತ ಬರೆದ್ಬುಟ್ಟೆ. ಡಾಕ್ಟ್ರು ಅದನ್ನ ಓದಿ, ಏನೂ ತಿಂದಿಲ್ಲ ಅಂದ್ಕಂಡು ಡ್ರಿಪ್ ಹಾಕಕ್ಕೆ ಹೇಳಿದ್ರು. ಆಮೇಲೆ ಎಲ್ಲರ ಮುಂದೆ ಬೈದ್ರು.”

“ಆಮೇಲೂ ನೀನು ಗೌರಿ ಹಬ್ಬಕ್ಕೆ ನಮ್ಮನೆಗೆ ಬರ್ತಿದ್ದೆ.”

“ಪ್ರತಿ ವರ್ಷ ಬಂದಿದೀನಿ ಮಿಸ್.”

“ಒಂದ್ಸಲನೂ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಅನ್ನಿಸ್ತಿತ್ತು. ನಿಮ್ಮ ಮುಖ ನೋಡಿದ್ರೆ ಬಾಯಿ ಬರ್ತಿರ್ಲಿಲ್ಲ. ನಿಮಗೆ ನೋವಾಗುತ್ತೆ ಅಂತ...”

ಮೇಡಂ ಕೋಪ ಮಾಡಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಮಾತ್ರ ಏರಲಿಲ್ಲ.

“ನನ್ನ ನೋವು ಉಳಿಸಕ್ಕೆ ಹೋಗಿ ನಿನ್ನ ಹಿಂದೆ ಬಂದ ಮಕ್ಕಳಿಗೆಲ್ಲ ತಪ್ಪು ಹಂಚಿಸಿದ್ಯಲ್ಲೇ. ನೀನು ಒಂದು ಮಾತು ಅಂದಿದ್ರೆ ನಾನು ಒಂದು ದಿನ ಅತ್ತು ಸುಮ್ಮನಾಗ್ತಿದ್ದೆ. ಆ ಹುಡುಗಿ ಕೈ ಉಳೀತಿತ್ತು.”

ನರ್ಸ್ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ಅವಳ ಕೈ ಹಿಡಿದುಕೊಂಡರು, ಆದರೆ ‘ಹೋಗ್ಲಿ ಬಿಡು’ ಎನ್ನಲಿಲ್ಲ. ನಾನು ನೆಲ ನೋಡುತ್ತ ಕೂತಿದ್ದೆ.

ವಾಪಸ್ ಬರುವಾಗ ಸಂಜೆ. ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಹೆತ್ತೂರಿನ ದಾರಿ ಹಿಡಿದಿದ್ದೆವು. ಒಂದು ತಿರುವಿನಲ್ಲಿ ಡ್ರೈವರ್ ಇಂಜಿನ್ ಆರಿಸಿ, “ಯಾರೂ ಸದ್ದು ಮಾಡ್ಬೇಡ್ರಪ್ಪ, ಆನೆ ದಾಟ್ತಾ ಐತೆ” ಎಂದ. ಬಸ್ಸು ಉಸಿರು ಬಿಗಿಹಿಡಿದು ಕೂತಿತು. ಮಂಜಿನಲ್ಲಿ ಒಂದು ದೊಡ್ಡ ನೆರಳು ಮೆಲ್ಲಗೆ ರಸ್ತೆ ದಾಟಿತು, ಅದರ ಹಿಂದೆ ಇನ್ನೊಂದು, ನಡುವೆ ಒಂದು ಮರಿ. ಕಾಲ ಸದ್ದೇ ಇಲ್ಲ. ಯಾರೋ ಪಿಸುಮಾತಿನಲ್ಲಿ ಎಣಿಸುತ್ತಿದ್ದರು. ನೆರಳುಗಳು ಒಂದರೊಳಗೊಂದು ಬೆರೆತು ಎಣಿಕೆ ತಪ್ಪುತ್ತಿತ್ತು. ಎಚ್ಚರವಿದ್ದೆನೋ ಕನಸಿನಲ್ಲಿದ್ದೆನೋ ತಿಳಿಯದ ಆ ಹೊತ್ತಿನಲ್ಲಿ, ಅದು ಹೇಗೆ ಬಾಯಿ ಬಂತೋ, ನಾನು ಮೆಲ್ಲಗೆ ಹೇಳಿದೆ.

“ಮೇಡಂ, ನಂಗೂ ಗೊತ್ತಿತ್ತು. ಎರಡು ವರ್ಷದಿಂದ. ನೀವು ಆ ಫಾರಂ ತುಂಬೋವಾಗ ನಾನು ಪಕ್ಕದಲ್ಲೇ ಇದ್ದೆ.”

ಅವರು ತಿರುಗಲಿಲ್ಲ. ಆನೆಗಳು ದಾಟಿ ಮುಗಿದವು, ಬಸ್ಸು ಹೊರಟಿತು. ತಮ್ಮ ಸ್ಟಾಪಿನಲ್ಲಿ ಅವರು ಕೊಡೆ ತೆಗೆದುಕೊಂಡು, ಯಾವಾಗಲೂ ಹೇಳುವ ‘ಬರ್ತೀನಿ ಮೇಷ್ಟ್ರೆ’ ಹೇಳದೆ ಇಳಿದು ಹೋದರು.

ಒಂದು ವಾರ ಮಾತಿಲ್ಲ. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆಯುತ್ತಿದ್ದರು, ನನ್ನ ಕಡೆ ರೊಟ್ಟಿ ಬರುತ್ತಿರಲಿಲ್ಲ. ನಾನು ಕ್ಷಮಿಸಿ ಎನ್ನಲು ನಾಲ್ಕು ಸಲ ಎದ್ದು ನಾಲ್ಕು ಸಲ ಕೂತೆ. ಎಂಟನೆಯ ದಿನ ನಾನು ಒಂಬತ್ತನೇ ತರಗತಿಯಲ್ಲಿ ಪದ್ಯ ಪಾಠ ಮಾಡುತ್ತಿದ್ದೆ. ಮೇಡಂ ಒಳಗೆ ಬಂದರು. ಮಕ್ಕಳು ಎದ್ದು ನಿಂತರು. ಅವರು ಕೂರಲು ಸನ್ನೆ ಮಾಡಿ, ಹಿಂದಿನ ಬೆಂಚಿಗೆ ಹೋಗಿ, ಹುಡುಗಿಯರ ಪಕ್ಕ ಕೂತರು. ಪೀರಿಯಡ್ ಮುಗಿಯುವವರೆಗೆ ಏನೋ ಗುರುತು ಹಾಕಿಕೊಳ್ಳುತ್ತಿದ್ದರು.

ಹೊರಗೆ ಬಂದ ಮೇಲೆ ಹೇಳಿದರು. “ಇಪ್ಪತ್ತೆರಡು ಪ್ರಶ್ನೆ ಕೇಳಿದ್ರಿ ಮೇಷ್ಟ್ರೆ. ಕಿಟಕಿ ಸಾಲಲ್ಲಿ ಕೂತಿರೋ ಲೈನ್ ಮನೆ ಮಕ್ಕಳಿಗೆ ಒಂದೂ ಕೇಳ್ಲಿಲ್ಲ.”

ಅದು ನಿಜವಾಗಿತ್ತು. ಎಷ್ಟು ವರ್ಷದಿಂದ ನಿಜವಾಗಿತ್ತೋ ಏನೋ.

“ನೋವಾಯ್ತಾ?” ಎಂದರು.

“ಆಯ್ತು.”

“ಆಗ್ಲಿ. ಇನ್ಮೇಲೆ ಶುಕ್ರವಾರ ನಾನು ನಿಮ್ಮ ಕ್ಲಾಸಿಗೆ, ಸೋಮವಾರ ನೀವು ನನ್ನ ಕ್ಲಾಸಿಗೆ. ಕಂಡಿದ್ದನ್ನ ಹೇಳ್ದೆ ಮುಚ್ಚಿಟ್ಕಂಡ್ರೆ ನಮ್ಮಿಬ್ಬರ ಮಾತು ಅಲ್ಲಿಗೆ ಮುಗೀತು.”

ಅಂದು ಮಧ್ಯಾಹ್ನ ಡಬ್ಬಿಯ ಮುಚ್ಚಳ ನನ್ನ ಕಡೆ ಸರಿಯಿತು. ರೊಟ್ಟಿ ಮುರಿಯುತ್ತ ಅವರು ಕೇಳಿದರು, “ಈ ಫ್ಯೂ, ಎ ಫ್ಯೂ ಮಕ್ಕಳ ತಲೆಗೆ ಹತ್ತುತಾ ಇಲ್ಲ. ನಮ್ಮ ಭಾಷೇಲಿ ಇಂಥದ್ದು ಏನಾದ್ರೂ ಐತಾ?”

ನಾನು ಯೋಚಿಸಿದೆ. “ಕೆಲವರು ಬಂದ್ರು. ಕೆಲವರೇ ಬಂದ್ರು.”

ಅವರ ಕೈ ಅಲ್ಲೇ ನಿಂತಿತು. “ಸ್ವಲ್ಪ ಐತೆ. ಸ್ವಲ್ಪನೇ ಐತೆ” ಎಂದು ತಮಗೆ ತಾವೇ ಹೇಳಿಕೊಂಡರು. ಮುಖ ಹುಡುಗಿಯ ಮುಖದಂತಾಯಿತು. “ನೋಡಿ ಮೇಷ್ಟ್ರೆ! ನಾವು ಒಂದಕ್ಷರ ಸೇರಿಸಿ ಕಮ್ಮಿ ಮಾಡ್ತೀವಿ. ಅವರು ಒಂದಕ್ಷರ ತೆಗೆದು ಕಮ್ಮಿ ಮಾಡ್ತಾರೆ. ಇದನ್ನ ಎರಡು ವರ್ಷದ ಹಿಂದೆನೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಮರುದಿನವೇ ಅವರು ಅದನ್ನು ಎಲ್ಲ ತರಗತಿಗಳಲ್ಲಿ ಹೇಳಿದರು. ಜೊತೆಗೆ ಇನ್ನೊಂದು ಮಾತು: “ನಾನು ತಪ್ಪು ಹೇಳಿದ್ರೆ ಎದ್ದು ನಿಂತು ಹೇಳಿ. ಆಮೇಲೆ ಹೇಳ್ತೀನಿ, ಒಬ್ರೇ ಇದ್ದಾಗ ಹೇಳ್ತೀನಿ ಅನ್ಬೇಡಿ. ಅಲ್ಲೇ.” ಮೊದಮೊದಲು ಯಾರೂ ಏಳಲಿಲ್ಲ. ಆಮೇಲೆ ಒಬ್ಬಿಬ್ಬರು ಹೆದರುತ್ತ ಎದ್ದರು. ಅವರು ಎದ್ದಾಗಲೆಲ್ಲ ಮೇಡಂ ಬೋರ್ಡು ಒರೆಸಿ, ಅವರ ಕೈಗೇ ಸೀಮೆಸುಣ್ಣ ಕೊಡುತ್ತಿದ್ದರು.

ಹೀಗೆ ಇನ್ನೂ ನಾಲ್ಕು ವರ್ಷ ನಡೆಯಿತು. ಪಟ್ಟಿಯಲ್ಲಿದ್ದ ಎಲ್ಲರನ್ನೂ ಹುಡುಕಲು ಅವರಿಂದ ಆಗಲಿಲ್ಲ. ಮಂಡಿನೋವು ಬಂತು, ಭಾನುವಾರಗಳು ಕಡಿಮೆಯಾದವು. ಕೊನೆಗೆ ನಿವೃತ್ತಿ.

ಬೀಳ್ಕೊಡುಗೆಯ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಯ ಮೇಲೆ ಊರಿನ ಹಿರಿಯರು, ತಾಲ್ಲೂಕಿನಿಂದ ಬಂದ ಅಧಿಕಾರಿಗಳು, ನಡುವೆ ಮುದುಡಿ ಕೂತ ಮೇಡಂ. ಆಗಿನ ಹೆಡ್‌ಮಾಸ್ಟರು ಹೊಸಬರು, ಒಳ್ಳೆಯವರು. ಇಂಗ್ಲಿಷ್ ಮೇಡಂ ಅಲ್ಲವೇ ಎಂದು ಇಂಗ್ಲಿಷಿನಲ್ಲೇ ಭಾಷಣ ಬರೆದುಕೊಂಡು ಬಂದಿದ್ದರು. ಓದುತ್ತ ಓದುತ್ತ ಹೇಳಿದರು: “ಶೀ ಹ್ಯಾಸ್ ಫ್ಯೂ ಫ್ರೆಂಡ್ಸ್ ಇನ್ ದಿಸ್ ಸ್ಕೂಲ್.”

“ಸಾರ್, ಎ ಫ್ಯೂ!”

ಹುಡುಗಿಯರ ಸಾಲಿನಲ್ಲಿ ಒಬ್ಬಳು ಎದ್ದು ನಿಂತಿದ್ದಳು. ಎಂಟನೇ ತರಗತಿಯವಳಿರಬೇಕು. ಅವಳ ಹೆಸರು ನನಗೆ ಈಗಲೂ ಗೊತ್ತಿಲ್ಲ. “ಏಯ್, ಕೂತ್ಕಳೇ” ಎಂದು ಪಿ.ಟಿ. ಮೇಷ್ಟ್ರು ಗದರಿದರು. ಪಕ್ಕದವಳು ಲಂಗ ಹಿಡಿದು ಎಳೆದಳು. ಅವಳು ಲಂಗ ಬಿಡಿಸಿಕೊಂಡಳು. ಕೂರಲಿಲ್ಲ.

“ಎ ಹಾಕ್ದಿದ್ರೆ ಮಿಸ್‌ಗೆ ಯಾರೂ ಇಲ್ಲ ಅಂತ ಆಗ್ತದೆ ಸಾರ್” ಎಂದಳು.

ಹೆಡ್‌ಮಾಸ್ಟರು ಹಾಳೆ ನೋಡಿದರು, ಹುಡುಗಿಯನ್ನು ನೋಡಿದರು. ಜೇಬಿನಿಂದ ಪೆನ್ನು ತೆಗೆದು ಒಂದಕ್ಷರ ಬರೆದರು. “ಶೀ ಹ್ಯಾಸ್ ಎ ಫ್ಯೂ ಫ್ರೆಂಡ್ಸ್...” ಎಂದು ಮತ್ತೆ ಓದುವಷ್ಟರಲ್ಲಿ ಹುಡುಗರ ಕಡೆಯಿಂದ ಇನ್ನೊಂದು ದನಿ ಎದ್ದಿತು.

“ಎ ಫ್ಯೂ ಅಲ್ಲ ಸಾರ್, ಮೆನಿ!”

ಜನ ನಕ್ಕರು. ಹೆಡ್‌ಮಾಸ್ಟರೂ ನಕ್ಕು ಅದನ್ನೂ ತಿದ್ದಿಕೊಂಡರು. ಚಪ್ಪಾಳೆ ಬಿತ್ತು. ಆ ಗದ್ದಲದಲ್ಲಿ ಮೊದಲು ಎದ್ದ ಹುಡುಗಿ, ಯಾರೂ ಕೂರು ಎನ್ನದ ಕಾರಣ, ಒಬ್ಬಳೇ ನಿಂತೇ ಇದ್ದಳು. ವೇದಿಕೆಯ ಮೇಲೆ ಮೇಡಂ ಕುರ್ಚಿಯ ಕೈ ಹಿಡಿದು, ಮಂಡಿನೋವಿಗೆ ಹಲ್ಲು ಕಚ್ಚಿ, ಮೆಲ್ಲಗೆ ಎದ್ದು ನಿಂತರು. ಅಧಿಕಾರಿಗಳು ಗಾಬರಿಯಾಗಿ, “ಕೂತ್ಕೊಳ್ಳಿ ಮೇಡಂ” ಎಂದರು. ಅವರು ಕೇಳಿಸಿಕೊಳ್ಳಲಿಲ್ಲ. ಆ ಹುಡುಗಿ ಕೂರುವವರೆಗೂ ಅವಳ ಕಡೆಗೇ ನೋಡುತ್ತ ನಿಂತೇ ಇದ್ದರು.